ಪರದೆಯ ಮುಂದೆ ಕೂತು ಮಾಡಿದ ಪೂಜೆ ಸಲ್ಲುತ್ತದೆಯೇ?

ಪ್ರಶ್ನೆ: ನಾವು ಮೈಸೂರಿನವರು. ಕೆಲಸದ ನಿಮಿತ್ತ ಹಲವು ವರ್ಷಗಳಿಂದ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇವೆ. ಶನಿವಾರ ಸಂಜೆ ವಿಡಿಯೊ ಕರೆಯಲ್ಲಿ ಸೇರಿ ಭಜನೆ ಮಾಡುತ್ತೇವೆ. ಹಬ್ಬಗಳಿಗೆ ಜಾಲತಾಣದಲ್ಲಿ ಹಣ ಕಟ್ಟಿ ಊರಿನ ಕಡೆಯ ದೇವಸ್ಥಾನಗಳಲ್ಲಿ ಅರ್ಚನೆ ಮಾಡಿಸುತ್ತೇವೆ. ತೀರಿಕೊಂಡ ತಂದೆಯ ಮೊದಲ ವರ್ಷದ ಶ್ರಾದ್ಧವನ್ನೂ ಮೈಸೂರಿನ ಪುರೋಹಿತರೇ ಮಾಡಿದರು, ನಾನು ಮೊಬೈಲ್‌ನಲ್ಲಿ ನೋಡುತ್ತ ಕೂತಿದ್ದೆ. ಇದೆಲ್ಲ ಸಲ್ಲುತ್ತದೆಯೇ ಎಂಬ ಅಳುಕು ಹೋಗಿಲ್ಲ. ಇತ್ತ ನನ್ನ ಹದಿನಾರರ ಮಗಳು ಬೌದ್ಧ, ಸಿಖ್, ಕ್ರೈಸ್ತ ಧರ್ಮಗಳ ಬಗ್ಗೆ ದಿನವೂ ಇಂಟರ್ನೆಟ್‌ನಲ್ಲಿ ಓದುತ್ತಾಳೆ. ಮುಟ್ಟಾದಾಗ ದೇವರ ಮನೆಗೆ ಏಕೆ ಹೋಗಬಾರದು ಎಂಬಂಥ, ನನಗೆ ಉತ್ತರ ತಿಳಿಯದ ಪ್ರಶ್ನೆಗಳನ್ನು ಕೇಳುತ್ತಾಳೆ. ಧರ್ಮವನ್ನು ಆನ್‌ಲೈನ್‌ನಲ್ಲಿ ಎಷ್ಟರ ಮಟ್ಟಿಗೆ ಆಚರಿಸಬಹುದು, ಎಷ್ಟರ ಮಟ್ಟಿಗೆ ಅರಿಯಬಹುದು?

ಉತ್ತರ: ಮೊಬೈಲ್ ಮುಂದೆ ಕೂತಿದ್ದ ಆ ಹೊತ್ತಿನಲ್ಲಿ ನಿಮ್ಮ ಕೈಗಳು ಏನು ಮಾಡುತ್ತಿದ್ದವು? ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ ಇದು. ಧಾರ್ಮಿಕ ಆಚರಣೆಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತ ಬಂದ ನನಗೆ ಅನ್ನಿಸುವುದಿಷ್ಟು: ಆನ್‌ಲೈನ್ ಆಚರಣೆ ಸಲ್ಲುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಇಂಟರ್ನೆಟ್ ಅಲ್ಲ, ಆ ಆಚರಣೆ ನಿಮ್ಮಿಂದ ಏನನ್ನು ಕೇಳುತ್ತದೆ ಎಂಬ ಸಂಗತಿ. ಕೇಳುವುದು, ಓದುವುದು, ಚರ್ಚಿಸುವುದು ಮುಖ್ಯವಾಗಿದ್ದರೆ ಪರದೆ ಅಡ್ಡಿಯಾಗುವುದಿಲ್ಲ, ಎಷ್ಟೋ ಸಲ ಊರಿನಲ್ಲಿ ಸಿಗದ ಅನುಕೂಲವನ್ನೂ ಒದಗಿಸುತ್ತದೆ. ಕೈಯಿಂದ ಮಾಡಬೇಕಾದದ್ದಿದ್ದರೆ ಅದನ್ನು ನೀವು ಇದ್ದ ಜಾಗದಲ್ಲೇ ನಿಮ್ಮ ಕೈಯಿಂದಲೇ ಮಾಡಬೇಕು. ಪರದೆ ಅದನ್ನು ಕಲಿಸಬಲ್ಲದು, ನಿಮ್ಮ ಬದಲು ಮಾಡಲಾರದು.

ಶ್ರಾದ್ಧದ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ. ಊರಿನಲ್ಲಿ ಮಾಡಿಸಿದ್ದು ವ್ಯರ್ಥವಾಗಿಲ್ಲ. ಕರ್ಮವನ್ನು ಬದಲಿಯಿಂದ ಮಾಡಿಸಬಹುದೇ ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರದ ನಿಬಂಧಕಾರರು, ಅಂದರೆ ಶಾಸ್ತ್ರವಾಕ್ಯಗಳನ್ನು ಒಟ್ಟುಗೂಡಿಸಿ ತೀರ್ಮಾನ ಹೇಳಿದ ಗ್ರಂಥಕಾರರು, ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದಾರೆ. ‘ಕಾಮ್ಯೇ ಪ್ರತಿನಿಧಿರ್ನಾಸ್ತಿ ನಿತ್ಯೇ ನೈಮಿತ್ತಿಕೇ ಹಿ ಸಃ’ ಎಂಬುದು ಅಲ್ಲಿ ಮತ್ತೆ ಮತ್ತೆ ಉದ್ಧೃತವಾಗುವ ಮಾತು. ದಿನನಿತ್ಯದ ಮತ್ತು ಸಂದರ್ಭಕ್ಕೆ ಬಂದೊದಗುವ ಕರ್ಮಗಳನ್ನು ಬಿಡುವಂತಿಲ್ಲ, ಆದ್ದರಿಂದ ಅವುಗಳಿಗೆ ಬದಲಿ ಉಂಟು. ಫಲ ಬಯಸಿ ಮಾಡುವ ಕಾಮ್ಯಕ್ಕೆ ಬದಲಿ ಇಲ್ಲ. ವರ್ಷದ ಶ್ರಾದ್ಧ ಬಿಡಬಾರದ ಕರ್ಮಗಳ ಸಾಲಿಗೆ ಸೇರುತ್ತದೆ. ಕರ್ತೃ ಬರಲಾಗದಿದ್ದಾಗ ಬಂಧುವೋ ಪುರೋಹಿತರೋ ಅವನ ಪರವಾಗಿ ನಡೆಸುವ ರೂಢಿ ವಿಮಾನ ಬರುವುದಕ್ಕೂ ಎಷ್ಟೋ ಮುಂಚಿನದು.

ಆದರೆ ಬದಲಿ ಯಾವಾಗಲೂ ಎರಡನೆಯ ಆಯ್ಕೆ. ಯಾಗವೆಂದರೆ ದ್ರವ್ಯ, ದೇವತೆ, ತ್ಯಾಗ ಈ ಮೂರು ಎಂದು ವೇದದ ಕರ್ಮವಿಧಿಗಳನ್ನು ವಿಚಾರಿಸಿದ ಮೀಮಾಂಸಕರು ಹೇಳುತ್ತಾರೆ. ಆಹುತಿಯನ್ನು ಅಗ್ನಿಗೆ ಹಾಕುವವನು ಪುರೋಹಿತನಾದ ಋತ್ವಿಜನಾದರೂ ‘ನ ಮಮ’ (ನನ್ನದಲ್ಲ) ಎಂದು ಹೇಳಿ ಅದನ್ನು ಬಿಟ್ಟುಕೊಡಬೇಕಾದವನು ಯಜಮಾನ, ಅಂದರೆ ಯಾಗ ಮಾಡಿಸುವವನು. ಹೀಗಾಗಿ ಪುರೋಹಿತರು ಎಷ್ಟೇ ಮಾಡಿದರೂ ಯಜಮಾನನ ಪಾಲಿಗೆಂದೇ ಕೆಲವು ಕೆಲಸ ಉಳಿಯುತ್ತವೆ. ಸಂಕಲ್ಪ ಅವನದು, ತ್ಯಾಗ ಅವನದು, ಕೈ ನೀಡಿ ಬಿಡುವ ನೀರು ಅವನದು. ವಿಡಿಯೊ ಕರೆಯಲ್ಲಿ ಸುಮ್ಮನೆ ನೋಡುತ್ತ ಕೂತಾಗ ಬಿಟ್ಟುಹೋಗುವುದು ಇದೇ ಭಾಗ. ನಿಮ್ಮ ಅಳುಕಿನ ಬೇರೂ ಅಲ್ಲೇ ಇರಬೇಕೆಂದು ನನ್ನ ಊಹೆ.

ಅದನ್ನು ಸರಿಪಡಿಸುವುದು ಕಷ್ಟವಲ್ಲ. ಪುರೋಹಿತರು ಮೈಸೂರಿನಲ್ಲಿ ಮಧ್ಯಾಹ್ನ ಒಂದೂವರೆಗೆ ಆರಂಭಿಸಿದರೆ ಚಳಿಗಾಲದಲ್ಲಿ ನಿಮಗೆ ಬೆಳಗಿನ ಒಂಬತ್ತು ಗಂಟೆ. ಅಷ್ಟರೊಳಗೆ ಸ್ನಾನ ಮಾಡಿ, ಒಂದು ತಟ್ಟೆ, ಪಂಚಪಾತ್ರೆ, ಉದ್ಧರಣೆ, ಸ್ವಲ್ಪ ಕರಿ ಎಳ್ಳು, ಊರಿನಿಂದ ತಂದಿಟ್ಟುಕೊಂಡ ದರ್ಭೆ ಜೋಡಿಸಿಕೊಂಡು ದಕ್ಷಿಣಕ್ಕೆ ಮುಖ ಮಾಡಿ ಕುಳಿತುಕೊಳ್ಳಿ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಪುರೋಹಿತರಿಗೆ ನಿಮ್ಮ ಬಲಗೈ ಕಾಣುವಂತೆ ಎದುರಿನ ಮಣೆಯ ಮೇಲೆ ಒರಗಿಸಿ. ಜನಿವಾರ ಹಾಕುವ ಮನೆತನವಾದರೆ ಅದು ಬಲ ಹೆಗಲಿಗೆ ಬರಬೇಕು. ಗೋತ್ರ ಮತ್ತು ತಂದೆ, ತಾತ, ಮುತ್ತಾತಂದಿರ ಹೆಸರುಗಳನ್ನು ನೀವೇ ಹೇಳಿ, ಎಳ್ಳುನೀರನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಬಿಡಿ. ನೀರು ಬೆರಳ ತುದಿಯಿಂದ ಹರಿದರೆ ಅದು ದೇವತೆಗಳಿಗೆ ಕೊಡುವ ಕ್ರಮ, ಪಿತೃಗಳಿಗಲ್ಲ. ಈ ಸಣ್ಣ ತಪ್ಪನ್ನು ಪುಸ್ತಕ ಓದಿ ಕಲಿತವರು ಮಾಡುತ್ತಲೇ ಇರುತ್ತಾರೆ. ಕೈ ನೋಡುತ್ತಿರುವ ಪುರೋಹಿತರು ಅದನ್ನು ಒಂದೇ ಮಾತಿನಲ್ಲಿ ತಿದ್ದುತ್ತಾರೆ. ಪರದೆಯಿಂದ ಆಗಬೇಕಾದ ಉಪಕಾರ ಅಂಥದು. ಪಿಂಡಪ್ರದಾನ, ಬ್ರಾಹ್ಮಣ ಭೋಜನಗಳು ಮೈಸೂರಿನಲ್ಲೇ ನಡೆಯಲಿ, ತರ್ಪಣ ನಿಮ್ಮ ಕೈಯಿಂದ ಆಗಲಿ.

ತಿಥಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೊರದೇಶದಲ್ಲಿರುವ ಕನ್ನಡಿಗರು ಊರಿನ ಕ್ಯಾಲೆಂಡರ್ ನೋಡಿ ವ್ರತ ಮಾಡುವುದನ್ನು ಧಾರಾಳವಾಗಿ ಕಂಡಿದ್ದೇನೆ. ತಿಥಿ ಎಂಬುದು ಸೂರ್ಯಚಂದ್ರರ ನಡುವಿನ ಹನ್ನೆರಡು ಡಿಗ್ರಿಯ ಅಂತರದ ಲೆಕ್ಕವಾದ್ದರಿಂದ ಅದು ಜಗತ್ತಿನಾದ್ಯಂತ ಒಂದೇ ಕ್ಷಣಕ್ಕೆ ಆರಂಭವಾಗಿ ಒಂದೇ ಕ್ಷಣಕ್ಕೆ ಮುಗಿಯುತ್ತದೆ. ಸೂರ್ಯೋದಯ ಹಾಗಲ್ಲ. ಡಿಸೆಂಬರ್‌ನ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೈಸೂರಿನಲ್ಲಿ ಏಕಾದಶಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ಗುರುವಾರದ ಸೂರ್ಯೋದಯಕ್ಕೆ ಏಕಾದಶಿ ಇದೆ, ಆದ್ದರಿಂದ ಅಂದೇ ಉಪವಾಸ. ಆ ಕ್ಷಣದಲ್ಲಿ ಮ್ಯೂನಿಕ್‌ನಲ್ಲಿ ಬೆಳಗಿನ ಜಾವ ಐದೂವರೆ, ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ. ನಿಮ್ಮ ಗುರುವಾರ ದ್ವಾದಶಿಯಾಗಿಯೇ ಬೆಳಗಾಗುತ್ತದೆ, ನಿಮ್ಮ ಏಕಾದಶಿ ಹಿಂದಿನ ದಿನ ಬುಧವಾರವೇ ಬಂದುಹೋಗಿರುತ್ತದೆ. ಇದರ ಮೇಲೆ ವೈಷ್ಣವರಿಗೆ ದಶಮೀವೇಧದ ನಿಯಮ ಬೇರೆ ಇದೆ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ ದಶಮಿಯ ಸೋಂಕಿದ್ದರೂ ಉಪವಾಸ ಮರುದಿನಕ್ಕೆ ಹೋಗುತ್ತದೆ. ಊರಿನ ಹೆಸರು ಕೊಟ್ಟರೆ ಅಲ್ಲಿಯ ಲೆಕ್ಕ ತೋರಿಸುವ ಆನ್‌ಲೈನ್ ಪಂಚಾಂಗಗಳು ಇರುವುದು ಇದಕ್ಕಾಗಿಯೇ. ಇಂಟರ್ನೆಟ್ ಆಚರಣೆಗೆ ಕೊಟ್ಟ ಅತ್ಯಂತ ಉಪಯುಕ್ತ ಸಾಧನ ಯಾವುದೆಂದು ಕೇಳಿದರೆ ನಾನು ನೇರಪ್ರಸಾರವನ್ನು ಹೇಳುವುದಿಲ್ಲ, ಈ ಪಂಚಾಂಗವನ್ನು ಹೇಳುತ್ತೇನೆ. ಮೈಸೂರಿನಲ್ಲಿ ಮಾಡಿಸುವ ಕರ್ಮಕ್ಕೆ ಮೈಸೂರಿನ ತಿಥಿ, ನೀವೇ ಮನೆಯಲ್ಲಿ ಮಾಡುವುದಕ್ಕೆ ಮ್ಯೂನಿಕ್‌ನ ತಿಥಿ. ಎರಡೂ ಒಂದೇ ದಿನ ಬಾರದಿದ್ದರೆ ಏನು ಮಾಡಬೇಕೆಂದು ನಿಮ್ಮ ಪುರೋಹಿತರೊಂದಿಗೆ ಮೊದಲೇ ಮಾತನಾಡಿಕೊಳ್ಳಿ. ಸಂಕಲ್ಪದಲ್ಲಿಯೂ ನೀವು ಕೂತ ಜಾಗದ ಹೆಸರು ಬರಬೇಕು. ಅಮೆರಿಕದಲ್ಲಿ ಪುರೋಹಿತರು ‘ಜಂಬೂದ್ವೀಪೇ ಭರತವರ್ಷೇ’ ಎನ್ನುವ ಜಾಗದಲ್ಲಿ ‘ಕ್ರೌಂಚದ್ವೀಪೇ ರಮಣಕವರ್ಷೇ’ ಎಂದು ಹೇಳುವುದನ್ನು ಕೇಳಬಹುದು. ತಾನು ಈಗ ಎಲ್ಲಿ ಕೂತಿದ್ದೇನೆ ಎಂದು ಹೇಳಿಕೊಳ್ಳದೆ ಪೂಜೆಯೇ ಆರಂಭವಾಗದ ಸಂಪ್ರದಾಯ ನಮ್ಮದು.

ಇನ್ನು ಜಾಲತಾಣದಲ್ಲಿ ಹಣ ಕಟ್ಟಿ ಮಾಡಿಸುವ ಅರ್ಚನೆ. ಅಂಥ ತಾಣಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸೇವೆಗಳು ಯಾವುವು ನೋಡಿ: ಉದ್ಯೋಗ ಪ್ರಾಪ್ತಿಗೆ, ವಿವಾಹಕ್ಕೆ, ಸಂತಾನಕ್ಕೆ, ಪರೀಕ್ಷೆಯಲ್ಲಿ ತೇರ್ಗಡೆಗೆ. ಎಲ್ಲವೂ ಕಾಮ್ಯ. ಮೇಲೆ ಹೇಳಿದ ಶಾಸ್ತ್ರವಾಕ್ಯ ಬದಲಿಯನ್ನು ಎಲ್ಲಿ ಒಪ್ಪುವುದಿಲ್ಲವೋ ಅಲ್ಲೇ ಬದಲಿಯ ವ್ಯಾಪಾರ ಜೋರಾಗಿದೆ. ಆರಂಭವಾದ ಮೇಲೆ ಅಡಚಣೆ ಬಂದರೆ ಕಾಮ್ಯಕ್ಕೂ ಬದಲಿ ಇರಲಿ ಎನ್ನುವವರಿದ್ದಾರೆ, ನಿಜ. ಆದರೆ ಆರಂಭವನ್ನೇ ಬದಲಿಯ ಕೈಗೆ ಕೊಡುವುದಕ್ಕೆ ಆ ರಿಯಾಯಿತಿ ಒದಗುವುದಿಲ್ಲ. ಬಸವಣ್ಣನವರು ಇದಕ್ಕಿಂತ ಮುಂದೆ ಹೋದರು. ತಾನು ಉಣ್ಣುವ ಊಟವನ್ನು ಮತ್ತೊಬ್ಬರ ಕೈಯಲ್ಲಿ ಮಾಡಿಸಲಾಗದು, ಹಾಗೆಯೇ ತನ್ನ ಲಿಂಗಕ್ಕೆ ಮಾಡುವ ನಿತ್ಯನೇಮವನ್ನೂ ಮಾಡಿಸಲಾಗದು ಎಂಬುದು ಅವರ ವಚನವೊಂದರ ತಿರುಳು. ನಿಬಂಧಕಾರರು ನಿತ್ಯಕರ್ಮಕ್ಕೆ ಕೊಟ್ಟ ವಿನಾಯಿತಿಯನ್ನೂ ಅವರು ಕೊಡಲಿಲ್ಲ. ಈ ವಿಷಯದಲ್ಲಿ ನನ್ನ ಮನಸ್ಸು ಬಸವಣ್ಣನವರ ಕಡೆಗಿದೆ.

ಹಾಗೆಂದು ಕಾಣಿಕೆ ನಿಲ್ಲಿಸಬೇಕಾಗಿಲ್ಲ. ಊರಿನ ದೇವಸ್ಥಾನದ ದೀಪಕ್ಕೆ, ಅರ್ಚಕರ ಬದುಕಿಗೆ, ಅನ್ನದಾನಕ್ಕೆ ನೀವು ಕೊಟ್ಟ ದಾನವೆಂದು ಅದನ್ನು ಭಾವಿಸಿ, ಆಗ ಅದಕ್ಕೆ ಪೂರ್ಣ ಅರ್ಥವಿದೆ. ಹಣ ಕಟ್ಟುವಾಗ ತಾಣ ಯಾರದೆಂದು ನೋಡಿಕೊಳ್ಳಿ. ಪ್ರಸಿದ್ಧ ಕ್ಷೇತ್ರಗಳ ಹೆಸರಿನಲ್ಲಿ ನಕಲಿ ತಾಣಗಳು ಹುಟ್ಟುತ್ತಲೇ ಇವೆ, ತಿರುಪತಿಯ ಆಡಳಿತ ಈ ಬಗ್ಗೆ ಪದೇ ಪದೇ ಎಚ್ಚರಿಕೆ ಕೊಟ್ಟಿದೆ. ಸರ್ಕಾರಿ ತಾಣಗಳ ವಿಳಾಸ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ. ನಮ್ಮ ಮುಜರಾಯಿ ಇಲಾಖೆಯ ದೇವಸ್ಥಾನಗಳ ಸೇವೆಗೆ ಅಂಥ ವಿಳಾಸವನ್ನೇ ಹುಡುಕಿ. ವ್ಯಕ್ತಿಯೊಬ್ಬರ ಸ್ವಂತ ಖಾತೆಗೆ ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ, ದೇವಸ್ಥಾನದ ಕಚೇರಿಗೆ ಕರೆ ಮಾಡಿ.

ಬೇರೆ ಧರ್ಮದವರು ಈ ಗೆರೆಯನ್ನು ಎಲ್ಲಿ ಎಳೆದರು ಎಂದು ನೋಡಿದರೆ ನಮ್ಮ ಪ್ರಶ್ನೆಯೂ ತಿಳಿಯಾಗುತ್ತದೆ. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಕರ್ನಾಟಕದ ದೇವಸ್ಥಾನಗಳು ಭಕ್ತರಿಗೆ ಮುಚ್ಚಿ ಮತ್ತೆ ತೆರೆದದ್ದು ಜೂನ್ 8ಕ್ಕೆ. ಆ ತಿಂಗಳುಗಳಲ್ಲಿ ಜಗತ್ತಿನ ಪ್ರತಿಯೊಂದು ಧರ್ಮವೂ ಇದೇ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು. ಯಹೂದಿಗಳಲ್ಲಿ ತಂದೆ ಅಥವಾ ತಾಯಿ ತೀರಿಕೊಂಡವರು ಹನ್ನೊಂದು ತಿಂಗಳು ‘ಕದ್ದಿಷ್’ ಎಂಬ ಪ್ರಾರ್ಥನೆ ಹೇಳುತ್ತಾರೆ, ಅದಕ್ಕೆ ಕನಿಷ್ಠ ಹತ್ತು ಮಂದಿ ಒಂದೆಡೆ ಸೇರಿರಬೇಕು. ನಿಮ್ಮ ಶ್ರಾದ್ಧದ ಅಳುಕನ್ನು ಅವರಷ್ಟು ಚೆನ್ನಾಗಿ ಅರಿತವರು ಬೇರೆ ಯಾರೂ ಇರಲಾರರು. ಅಮೆರಿಕದ ‘ಕನ್ಸರ್ವೇಟಿವ್’ ಎಂಬ ಯಹೂದಿ ಪಂಥದ ಪಂಡಿತರು 2001ರಲ್ಲೇ ಒಂದು ನಿರ್ಣಯ ಕೊಟ್ಟಿದ್ದರು: ಹತ್ತು ಮಂದಿ ಒಂದು ಕಡೆ ಇದ್ದರೆ ದೂರದವರು ಇಂಟರ್ನೆಟ್ ಮೂಲಕ ದನಿಗೂಡಿಸಬಹುದು, ಆದರೆ ಹತ್ತರ ಲೆಕ್ಕಕ್ಕೆ ಅವರು ಸೇರುವುದಿಲ್ಲ. 2020ರಲ್ಲಿ ಆಪದ್ಧರ್ಮವೆಂದು ಅದನ್ನೂ ಸಡಿಲಿಸಿದರು. ಸಂಪ್ರದಾಯಬದ್ಧ ಯಹೂದಿ ಪಂಡಿತರು ಒಪ್ಪಲಿಲ್ಲ. ಪರದೆಯಲ್ಲಿ ಹತ್ತು ಮುಖ ಕೂಡಿಸುವ ಬದಲು ಒಬ್ಬೊಬ್ಬರೇ ಮನೆಯಲ್ಲಿ ಪ್ರಾರ್ಥಿಸಿ, ಮೃತರ ಹೆಸರಿನಲ್ಲಿ ಶಾಸ್ತ್ರ ಓದಿ, ದಾನ ಮಾಡಿ ಎಂದರು. ಮುಸ್ಲಿಂ ವಿದ್ವಾಂಸರಲ್ಲಿ ಬಹುಮಂದಿಯ ನಿಲುವೂ ಹೀಗೆಯೇ ಇತ್ತು. ಪರದೆಯಲ್ಲಿ ಕಾಣುವ ಇಮಾಮರ ಹಿಂದೆ ನಿಂತು ಶುಕ್ರವಾರದ ಸಾಮೂಹಿಕ ನಮಾಜು ಮಾಡಲಾಗದು, ರಂಜಾನಿನ ತರಾವೀಹ್ ಪ್ರಾರ್ಥನೆಯನ್ನು ಮನೆಯವರೇ ಸೇರಿ ಮಾಡಿಕೊಳ್ಳಲಿ ಎಂದು ಅವರು ಹೇಳಿದರು.

ಪರದೆಯನ್ನು ಒಪ್ಪದ ಈ ಇಬ್ಬರೂ ಕೊಟ್ಟ ಪರ್ಯಾಯ ಒಂದೇ ಎಂಬುದನ್ನು ಗಮನಿಸಿ: ನೋಡುತ್ತ ಕೂರಬೇಡಿ, ಚಿಕ್ಕದಾಗಿಯಾದರೂ ನೀವೇ ಮಾಡಿ.

ಕ್ಯಾಥೊಲಿಕರು ಇನ್ನೊಂದು ಸೂಕ್ಷ್ಮ ಗುರುತಿಸಿದರು. ಇಂಟರ್ನೆಟ್‌ನಲ್ಲಿ ಸಂಸ್ಕಾರಗಳು ಇರಲಾರವು ಎಂದು ವ್ಯಾಟಿಕನ್ 2002ರಲ್ಲೇ ಬರೆದಿಟ್ಟಿತು. ಬಲಿಪೂಜೆಯ ರೊಟ್ಟಿಯನ್ನು ಪರದೆಯಿಂದ ಸ್ವೀಕರಿಸಲಾಗದು, ಪಾಪನಿವೇದನೆಯನ್ನು ದೂರದಿಂದ ಮಾಡಲಾಗದು. ಆದರೆ 2020ರ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ನೆನೆಯುತ್ತಿದ್ದ ಖಾಲಿ ಸೇಂಟ್ ಪೀಟರ್ಸ್ ಚೌಕದಲ್ಲಿ ನಿಂತು ಕೊಟ್ಟ ಆಶೀರ್ವಾದ ನೇರಪ್ರಸಾರ ನೋಡುತ್ತಿದ್ದವರಿಗೂ ಸಲ್ಲುತ್ತದೆ ಎಂದು ಚರ್ಚ್ ಒಪ್ಪಿತು. ಆಶೀರ್ವಾದ ದೂರದಿಂದ ಬರಬಲ್ಲದು, ರೊಟ್ಟಿ ಬರಲಾರದು. ಕಾಯಿಲೆಯವರ ಬಗ್ಗೆ ಆ ಧರ್ಮಕ್ಕಿರುವ ಕಾಳಜಿ ಹಳೆಯದು. ಅಸ್ಸಿಸಿಯ ಸಂತ ಕ್ಲಾರಾ ಹಾಸಿಗೆ ಹಿಡಿದಿದ್ದಾಗ ಕ್ರಿಸ್‌ಮಸ್ ರಾತ್ರಿಯ ಪೂಜೆ ಆಕೆಯ ಕೋಣೆಯ ಗೋಡೆಯ ಮೇಲೆ ಕಂಡಿತೆಂಬ ನಂಬಿಕೆಯಿದೆ, ಅದೇ ಕಾರಣಕ್ಕೆ 1958ರಲ್ಲಿ ಆಕೆಯನ್ನು ದೂರದರ್ಶನದ ಪಾಲಕ ಸಂತಳೆಂದು ಘೋಷಿಸಿದರು. ನಡೆಯಲಾಗದ ಹಿರಿಯರು, ಆಸ್ಪತ್ರೆಯಲ್ಲಿರುವವರು, ದೇವಸ್ಥಾನದ ಬಾಗಿಲಲ್ಲಿ ಎಲ್ಲರಿಗೂ ಸಮನಾದ ಸ್ವಾಗತ ಸಿಗದ ನಮ್ಮ ಸಮಾಜದಲ್ಲಿ ಹೊರಗೇ ನಿಂತವರು, ಇವರ ಪಾಲಿಗೆ ನೇರಪ್ರಸಾರದ ಮಂಗಳಾರತಿ ದೊಡ್ಡ ಆಸರೆ. ಅವರನ್ನು ನೆನೆದಾಗ ಪರದೆಯ ಭಕ್ತಿಯನ್ನು ಹಗುರವಾಗಿ ಕಾಣುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ಪರದೆಯ ಮೇಲೆ ಕಾಣುವ ಮೂರ್ತಿಗೆ ಕೈ ಮುಗಿಯಬಹುದೇ ಎಂಬುದಕ್ಕೆ ನಮ್ಮಲ್ಲಿ ಸಾಕಷ್ಟು ಅವಕಾಶವಿದೆ. ಭಾಗವತದ ಹನ್ನೊಂದನೆಯ ಸ್ಕಂಧ ಪ್ರತಿಮೆಗಳಲ್ಲಿ ಎಂಟು ಬಗೆ ಹೇಳುತ್ತದೆ. ಕಲ್ಲು, ಮರ, ಲೋಹ, ಗಾರೆ, ಮರಳು, ರತ್ನಗಳ ಜೊತೆಗೆ ಬರೆದ ಚಿತ್ರವೂ ಅಲ್ಲಿದೆ, ಮನಸ್ಸಿನಲ್ಲಿ ಕಲ್ಪಿಸಿಕೊಂಡ ಮೂರ್ತಿಯೂ ಇದೆ. ಮನೋಮಯ ಪ್ರತಿಮೆಯನ್ನೇ ಒಪ್ಪಿದ ಸಂಪ್ರದಾಯಕ್ಕೆ ಮೊಬೈಲ್‌ನಲ್ಲಿ ಕಂಡ ಉಡುಪಿಯ ಕೃಷ್ಣ ಅನ್ಯನಾಗಲಾರ. ಆದರೆ ಮಾನಸ ಪೂಜೆ ಎಲ್ಲಕ್ಕಿಂತ ಕಷ್ಟದ ಪೂಜೆ. ಅಲ್ಲಿ ಆಸನದಿಂದ ನೈವೇದ್ಯದವರೆಗೆ ಪ್ರತಿಯೊಂದನ್ನೂ ಮನಸ್ಸೇ ಕಟ್ಟಿಕೊಡಬೇಕು. ಅಡುಗೆ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ಪರದೆಯ ಕಡೆ ಕಣ್ಣು ಹಾಯಿಸಿದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಅಭಿಷೇಕ ನೋಡಬೇಕೆಂದಿದ್ದರೆ ದೀಪ ಹಚ್ಚಿ, ಮುಂದೆ ಕುಳಿತು, ಮುಗಿಯುವ ತನಕ ಏಳದೆ ನೋಡಿ. ಮುಗಿದ ಮೇಲೆ ನಿಮ್ಮ ದೇವರ ಮನೆಯ ಮೂರ್ತಿಗೆ ಒಂದು ಹೂವನ್ನಾದರೂ ನೀವೇ ಏರಿಸಿ.

ದೀಕ್ಷೆ, ಸಂಸ್ಕಾರಗಳಲ್ಲಿ ಚರ್ಚೆಗೆ ಜಾಗವೇ ಇಲ್ಲ. ಮಾಧ್ವರಿಗೆ ಆಷಾಢದ ಪ್ರಥಮ ಏಕಾದಶಿಯಂದು ಯತಿಗಳು ಕಾದ ಶಂಖಚಕ್ರಗಳನ್ನು ತೋಳಿಗೆ ಒತ್ತುತ್ತಾರೆ. ಗುರು ಇಷ್ಟಲಿಂಗವನ್ನು ಶಿಷ್ಯನ ಅಂಗೈಗೆ ಕೊಡುತ್ತಾನೆ. ಗೋಯೆಂಕಾ ಅವರ ಪರಂಪರೆಯ ವಿಪಸ್ಸನ ಎಂಬ ಬೌದ್ಧ ಧ್ಯಾನ ಕಲಿಯಬೇಕಾದರೆ ಮೊಬೈಲ್ ಒಪ್ಪಿಸಿ ಹತ್ತು ದಿನ ಮೌನವಾಗಿ ಶಿಬಿರದಲ್ಲೇ ಇರಬೇಕು. ಮಗಳ ಅಥವಾ ಮಗನ ಇಂಥ ಯಾವುದೇ ಸಂಸ್ಕಾರವಿದ್ದರೆ ವಿಮಾನದ ಟಿಕೆಟ್ ತೆಗೆಯಿರಿ.

ಶನಿವಾರದ ಭಜನೆ ಬಿಡಬೇಡಿ, ಕ್ರಮ ಮಾತ್ರ ಬದಲಿಸಿ. ವಿಡಿಯೊ ಕರೆಯಲ್ಲಿ ಪ್ರತಿಯೊಬ್ಬರ ದನಿಯೂ ತುಸು ತಡವಾಗಿ ತಲುಪುವುದರಿಂದ ಹತ್ತು ಮಂದಿ ಒಟ್ಟಿಗೆ ಹಾಡಿದರೆ ತಾಳ ಕೂಡುವುದೇ ಇಲ್ಲ. ಕೊನೆಗೆ ಒಬ್ಬರು ಹಾಡುತ್ತಾರೆ, ಉಳಿದವರು ಮೈಕ್ ಮುಚ್ಚಿ ತಮ್ಮಷ್ಟಕ್ಕೆ ತುಟಿ ಆಡಿಸುತ್ತಾರೆ. ಒಕ್ಕೊರಲಿನ ಸುಖ ಅಲ್ಲಿ ಸಿಗುವುದಿಲ್ಲ ಎಂದು ಒಪ್ಪಿಕೊಂಡರೆ ಬೇರೆ ಸುಖವೊಂದು ಸಿಗುತ್ತದೆ. ವಾರಕ್ಕೊಬ್ಬರು ದಾಸರ ಒಂದೇ ಒಂದು ಪದ ಆಯ್ದುಕೊಂಡು ಹಾಡಿ, ಸಾಲು ಸಾಲಾಗಿ ಅರ್ಥ ಹೇಳಲಿ, ಉಳಿದವರು ಪ್ರಶ್ನೆ ಕೇಳಲಿ. ಪುರಂದರದಾಸರ ಪದವಾದರೆ ಸಿಂಗಪುರದಲ್ಲಿರುವವರಿಗೂ ಸಾಗರದಲ್ಲಿರುವವರಿಗೂ ಮಾತನಾಡಲು ಏನಾದರೂ ಇದ್ದೇ ಇರುತ್ತದೆ. ಒಟ್ಟಿಗೆ ಹಾಡುವುದಕ್ಕೆ ತಿಂಗಳಿಗೊಮ್ಮೆ ಮ್ಯೂನಿಕ್‌ನ ನಾಲ್ಕು ಮನೆಯವರಾದರೂ ಒಂದು ಕಡೆ ಸೇರಿ ಹಾಡಿ ಊಟ ಮಾಡಿ. ಜರ್ಮನಿಯಲ್ಲಿ ದಕ್ಷಿಣ ಭಾರತದ ಶೈಲಿಯ ದೇವಸ್ಥಾನ ನೋಡಬೇಕೆಂದರೆ ಹಮ್ ಪಟ್ಟಣದ ಕಾಮಾಕ್ಷಿ ಅಮ್ಮನ ದೇವಸ್ಥಾನವಿದೆ. ಶ್ರೀಲಂಕಾದಿಂದ ಬಂದ ತಮಿಳರು ಕಟ್ಟಿಕೊಂಡದ್ದು, 2002ರಲ್ಲಿ ಪ್ರತಿಷ್ಠೆಯಾಯಿತು. ನಿಮಗೆ ದೂರವೇ, ಆದರೆ ವರ್ಷಕ್ಕೊಮ್ಮೆ ರಥೋತ್ಸವಕ್ಕೆ ಹೋಗಿ ಬರಬಹುದಾದಷ್ಟು ದೂರ.

ಈಗ ಓದಿನ ವಿಷಯ, ನಿಮ್ಮ ಮಗಳ ವಿಷಯ. ಇಲ್ಲಿ ಇಂಟರ್ನೆಟ್ ಬಗ್ಗೆ ನನಗೆ ಹಿಂಜರಿಕೆಯಿಲ್ಲದ ಮೆಚ್ಚುಗೆಯಿದೆ. ಯಹೂದಿಗಳ ಧರ್ಮಶಾಸ್ತ್ರ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ದಿನಕ್ಕೊಂದು ಹಾಳೆ ಓದುವ ‘ದಫ್ ಯೋಮಿ’ ಎಂಬ ಪದ್ಧತಿಯನ್ನು ರಬ್ಬಿ ಮೇಯರ್ ಶಪಿರೊ 1923ರಲ್ಲಿ ವಿಯೆನ್ನಾದಲ್ಲಿ ಸೂಚಿಸಿದರು. ಒಟ್ಟು 2,711 ಹಾಳೆ, ಒಂದು ಸುತ್ತಿಗೆ ಸುಮಾರು ಏಳೂವರೆ ವರ್ಷ, ಜಗತ್ತಿನಲ್ಲಿ ಎಲ್ಲೇ ಇದ್ದರೂ ಎಲ್ಲರಿಗೂ ಅಂದು ಅದೇ ಹಾಳೆ. ಹದಿನಾಲ್ಕನೆಯ ಸುತ್ತು 2020ರ ಜನವರಿಯಲ್ಲಿ ಆರಂಭವಾಯಿತು. ಎರಡು ತಿಂಗಳಲ್ಲಿ ಎಲ್ಲ ಬಾಗಿಲುಗಳು ಮುಚ್ಚಿದವು, ಓದು ನಿಲ್ಲಲಿಲ್ಲ. ‘ಸೆಫಾರಿಯಾ’ ಎಂಬ ತಾಣ ಅಷ್ಟರಲ್ಲಿ ಮೂಲ, ಅನುವಾದ, ವ್ಯಾಖ್ಯಾನಗಳನ್ನು ಒಟ್ಟಿಗೆ ಉಚಿತವಾಗಿ ತೆರೆದಿಟ್ಟಿತ್ತು. ಅವರಲ್ಲಿ ಅಧ್ಯಯನವೇ ಒಂದು ಉಪಾಸನೆ. ಆದ್ದರಿಂದ ಕದ್ದಿಷ್‌ಗೆ ಪರದೆ ಬೇಡವೆಂದವರೂ ಪರದೆಯಲ್ಲಿ ಕೂತು ಓದಿದರು. ಇದರಲ್ಲಿ ವಿರೋಧಾಭಾಸವಿಲ್ಲ. ಒಂದು ಆಚರಣೆ ಹತ್ತು ದೇಹಗಳನ್ನು ಕೇಳುತ್ತದೆ, ಇನ್ನೊಂದು ಒಂದು ಬುದ್ಧಿಯನ್ನು ಮತ್ತು ತಪ್ಪದ ಶಿಸ್ತನ್ನು ಕೇಳುತ್ತದೆ.

ನಮ್ಮಲ್ಲಿಯೂ ಅಂಥ ಸಾಮಗ್ರಿ ಇದೆ. ಕಾನ್ಪುರದ ಐಐಟಿ ನಡೆಸುವ ಗೀತಾ ತಾಣಕ್ಕೆ ಮಗಳೊಂದಿಗೆ ಹೋಗಿ ಹದಿನೆಂಟನೆಯ ಅಧ್ಯಾಯದ 66ನೆಯ ಶ್ಲೋಕ, ‘ಸರ್ವಧರ್ಮಾನ್ ಪರಿತ್ಯಜ್ಯ’ ತೆರೆಯಿರಿ. ಎಲ್ಲ ಧರ್ಮಗಳನ್ನು ಬಿಡು ಎಂದರೆ ಕರ್ಮವನ್ನೇ ಬಿಡು ಎಂದು ಶಂಕರರು ವಿವರಿಸುತ್ತಾರೆ. ಕರ್ಮವನ್ನಲ್ಲ, ಅದರ ಫಲವನ್ನೂ ನಾನು ಮಾಡಿದೆ ಎಂಬ ಕರ್ತೃತ್ವವನ್ನೂ ಬಿಡು ಎಂಬುದು ರಾಮಾನುಜರ ಅರ್ಥ. ಧರ್ಮತ್ಯಾಗವೆಂದರೆ ಫಲತ್ಯಾಗ ಎಂದು ಮಧ್ವರು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಒಂದೇ ಸಾಲಿನ ಕೆಳಗೆ ಮೂವರು ಆಚಾರ್ಯರು ಅಕ್ಕಪಕ್ಕ ಕೂತಿರುವುದನ್ನು ನೋಡಲು ಹಿಂದೆ ದೊಡ್ಡ ಗ್ರಂಥಾಲಯವೇ ಬೇಕಿತ್ತು. ‘ಗೀತೆ ಹೀಗೆ ಹೇಳುತ್ತದೆ’ ಎಂದು ಯಾರಾದರೂ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಗಟ್ಟಿಯಾಗಿ ಹೇಳಿದಾಗ ಯಾವ ಭಾಷ್ಯದ ಪ್ರಕಾರ ಎಂದು ಕೇಳುವ ಅಭ್ಯಾಸ ಹುಡುಗಿಗೆ ಇಲ್ಲಿಂದಲೇ ಬರುತ್ತದೆ. ಬೌದ್ಧ ಸುತ್ತಗಳಿಗೆ, ಅಂದರೆ ಬುದ್ಧನ ಉಪದೇಶಗಳಿಗೆ, ‘ಸುತ್ತಸೆಂಟ್ರಲ್’ ತಾಣವಿದೆ, ಪಾಲಿ ಮೂಲದ ಜೊತೆಗೆ ಅನುವಾದಗಳಿವೆ. ಅಮೃತಸರದ ಹರಿಮಂದಿರದಲ್ಲಿ ಪ್ರತಿದಿನ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿ ತೆರೆದ ಪುಟದ ವಾಣಿ, ಅಂದರೆ ಹುಕಮ್‌ನಾಮಾ, ಅದೇ ದಿನ ಆನ್‌ಲೈನ್‌ನಲ್ಲಿ ಸಿಗುತ್ತದೆ.

ಅಪಾಯವಿರುವುದು ಮೂಲಗ್ರಂಥಗಳ ತಾಣಗಳಲ್ಲಿ ಅಲ್ಲ, ಮೊಬೈಲ್ ತಾನಾಗಿ ಮುಂದೆ ತಂದಿಡುವ ತುಣುಕುಗಳಲ್ಲಿ. ಯಾವುದು ಕಣ್ಣನ್ನು ಹೆಚ್ಚು ಹೊತ್ತು ಹಿಡಿಯುತ್ತದೋ ಅದನ್ನೇ ಆ ವ್ಯವಸ್ಥೆ ಮತ್ತೆ ಮತ್ತೆ ತರುತ್ತದೆ. ಧರ್ಮದ ವಿಷಯದಲ್ಲಿ ಕಣ್ಣು ಹಿಡಿಯುವುದು ಬಹುಮಟ್ಟಿಗೆ ಸಿಟ್ಟು ಮತ್ತು ಪವಾಡ. ವಾಟ್ಸ್‌ಆ್ಯಪ್‌ನಲ್ಲಿ ಬೆಳಗಿನ ಶುಭಾಶಯದ ಜೊತೆ ಬರುವ ‘ವಚನ’ಗಳನ್ನೂ ಹಾಗೆಯೇ ನಂಬಬೇಡಿ, ಯಾರೋ ಬರೆದ ನಾಲ್ಕು ಸಾಲಿನ ಕೆಳಗೆ ಕೂಡಲಸಂಗಮದೇವ ಎಂದು ಸೇರಿಸಿದರೆ ಅದು ಬಸವಣ್ಣನವರದಾಗುವುದಿಲ್ಲ. ಭಗವದ್ಗೀತೆಯ ಹೆಸರಿನಲ್ಲಿ ಉತ್ತರ ಕೊಡುವ ಚಾಟ್‌ಬಾಟ್‌ಗಳು 2023ರಿಂದೀಚೆಗೆ ಹಲವು ಬಂದಿವೆ. ಇಲ್ಲದ ಶ್ಲೋಕಕ್ಕೆ ಅಧ್ಯಾಯ, ಸಂಖ್ಯೆ ಕೊಟ್ಟು ಧೈರ್ಯವಾಗಿ ಹೇಳುವುದು ಇಂಥ ಯಂತ್ರಗಳ ದೋಷ. ಅವು ಹೇಳಿದ್ದನ್ನು ಮೂಲದ ತಾಣದಲ್ಲಿ ತೆರೆದು ನೋಡಿದ ಮೇಲೆಯೇ ಒಪ್ಪಬೇಕು ಎಂಬ ನಿಯಮವನ್ನು ಮನೆಯಲ್ಲಿ ಮಾಡಿ.

ಓದಿದ ಧರ್ಮವನ್ನು ಮಗಳು ಕಣ್ಣಾರೆ ನೋಡಲಿ. ಸಿಖ್ ಧರ್ಮದ ಬಗ್ಗೆ ಆಕೆ ಎಷ್ಟೇ ಓದಿದ್ದರೂ ಗುರುದ್ವಾರಕ್ಕೆ ಹೋಗಿ, ತಲೆಗೆ ಬಟ್ಟೆ ಸುತ್ತಿ, ನೆಲದ ಮೇಲೆ ಸಾಲಿನಲ್ಲಿ ಅಪರಿಚಿತರ ಪಕ್ಕ ಕುಳಿತು ಲಂಗರಿನ, ಅಂದರೆ ಅಲ್ಲಿಯ ಸಾಮೂಹಿಕ ಭೋಜನದ, ರೊಟ್ಟಿಗೆ ಎರಡೂ ಕೈ ಒಡ್ಡಿದಾಗ ತಿಳಿಯುವುದು ಬೇರೆ. ನಮ್ಮ ಮಠಗಳ ದಾಸೋಹವೂ ಹಾಗೆಯೇ, ಅದನ್ನು ಯಾವ ಕ್ಯಾಮೆರಾ ಹಿಡಿದರೂ ನೋಡುವವನ ಹೊಟ್ಟೆ ತುಂಬುವುದಿಲ್ಲ, ಬಡಿಸುವ ಕೆಲಸ ಅವನಿಗೆ ಸಿಗುವುದಿಲ್ಲ. ಊಟ ಮುಗಿದ ಮೇಲೆ ಪಾತ್ರೆ ತೊಳೆಯಲು ಅವಳು ನಿಲ್ಲಲಿ, ಅಲ್ಲಿ ಯಾರೂ ಬೇಡವೆನ್ನುವುದಿಲ್ಲ.

ಮುಟ್ಟಿನ ಬಗ್ಗೆ ಅವಳು ಕೇಳಿದ ಪ್ರಶ್ನೆ ಸಣ್ಣದಲ್ಲ. ಎಷ್ಟೋ ಹೆಣ್ಣುಮಕ್ಕಳು ಅದನ್ನು ಮನೆಯಲ್ಲಿ ಕೇಳಲಾಗದೆ ಮೊದಲು ಕೇಳುವುದು ಇಂಟರ್ನೆಟ್‌ನಲ್ಲೇ. ನಿಮ್ಮ ಮಗಳು ನಿಮ್ಮನ್ನೇ ಕೇಳಿದ್ದಾಳೆ, ಅದು ನಿಮ್ಮ ಭಾಗ್ಯ. ನಿಮ್ಮ ಮನೆಯ ಆಚಾರ ಏನೆಂದು ಮುಚ್ಚುಮರೆಯಿಲ್ಲದೆ ಹೇಳಿ, ಅದನ್ನು ಒಪ್ಪದವರು ಕನ್ನಡ ನೆಲದಲ್ಲೇ ಎಂಟು ಶತಮಾನಗಳಿಗೂ ಹಿಂದೆ ಇದ್ದರು ಎಂಬುದನ್ನೂ ಹೇಳಿ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದು ಸೂತಕಗಳನ್ನೂ ಶರಣರು ನಿರಾಕರಿಸಿದರು. ‘ವಚನ ಸಂಚಯ’ ಎಂಬ ಕನ್ನಡ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ, ಬೇಕಾದ ಪದ ಕೊಟ್ಟು ಹುಡುಕಬಹುದು. ಹುಡುಕುವ ಜಾಗದಲ್ಲಿ ‘ಸೂತಕ’ ಎಂದು ಅವಳಿಂದಲೇ ಟೈಪ್ ಮಾಡಿಸಿ, ಬಂದ ವಚನಗಳನ್ನು ನೀವಿಬ್ಬರೂ ಗಟ್ಟಿಯಾಗಿ ಓದಿ. ಅವಳಿಗೆ ಕನ್ನಡ ತೊಡಕಾದರೆ ಅರ್ಥವನ್ನು ನೀವು ಹೇಳಿ. ಅರ್ಥವಾಗದ ಸಾಲುಗಳನ್ನು ಬರೆದಿಟ್ಟುಕೊಂಡು ಶನಿವಾರ ನಿಮ್ಮ ಭಜನೆಯ ಬಳಗದ ಹಿರಿಯರ ಮುಂದೆ ಅವಳೇ ಕೇಳಲಿ.